ಓಡುವವರು ನಿಲ್ಲುವ ಜಾಗ

ಬೇಸಿಗೆ ಏರುತ್ತಿದ್ದಂತೆ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಇಳಿಯುತ್ತದೆ. ಮಳೆಗಾಲದಲ್ಲಿ ಮುಳುಗಿದ್ದ ಗುಡ್ಡಗಳ ನೆತ್ತಿ ದ್ವೀಪಗಳಾಗಿ ಮೇಲೇಳುತ್ತದೆ. ಆ ಬೋಳು ನೆಲಕ್ಕೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ಗೂಡೆಂದರೆ ಮಣ್ಣಿನಲ್ಲಿ ಕೆದರಿಕೊಂಡ ಸಣ್ಣ ತಗ್ಗು, ಅಷ್ಟೇ. ಹಿನ್ನೀರಿನ ಆಚೆಗೆ ಭದ್ರಾ ಅಭಯಾರಣ್ಯ, ಅದಕ್ಕೂ ಆಚೆ ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ. ಬೆಟ್ಟ, ಕಾಡು, ನೀರು ಮೂರೂ ಕೂಡಿಬಂದ ಇಂಥ ಸೀಮೆಯನ್ನು ಕಂಡರೆ ಓಟದ ಹುಚ್ಚು ಹಿಡಿದವರ ಕಾಲು ಸುಮ್ಮನಿರುವುದಿಲ್ಲ.

ಕೆಲವು ವರ್ಷಗಳಿಂದ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಇಂಥ ದಾರಿ ಹುಡುಕಿಕೊಂಡು ಬರುವವರು ಹೆಚ್ಚಿದ್ದಾರೆ. ಡಾಂಬರಿನ ಮೇಲೆ ಮ್ಯಾರಥಾನ್ ಓಡಿ ಬೇಸತ್ತವರು ಕಾಫಿ ತೋಟದ ಮಣ್ಣು ರಸ್ತೆ, ಶೋಲಾ ಕಾಡಿನ ಅಂಚು, ಹುಲ್ಲುಗುಡ್ಡದ ಕಾಲುದಾರಿ ಹಿಡಿದಿದ್ದಾರೆ. ಮಲ್ನಾಡ್ ಅಲ್ಟ್ರಾದಂಥ ಸ್ಪರ್ಧೆಗಳಲ್ಲಿ ಮ್ಯಾರಥಾನ್‌ನ ಎರಡು ಪಟ್ಟಿಗೂ ಹೆಚ್ಚು ದೂರ ಓಡುವವರಿದ್ದಾರೆ. ಯಾಕೆ ಓಡುತ್ತೀರಿ ಎಂದು ಕೇಳಿದರೆ ಅವರಲ್ಲಿ ಅನೇಕರು ಆರೋಗ್ಯದ ಮಾತನ್ನೇ ಎತ್ತುವುದಿಲ್ಲ. ಓಟವೇ ಧ್ಯಾನ ಎನ್ನುತ್ತಾರೆ, ಬೆಟ್ಟವೇ ಗುಡಿ ಎನ್ನುತ್ತಾರೆ, ಬಹಳ ದೂರ ಓಡಿದ ಮೇಲೆ ‘ನಾನು’ ಎಂಬುದು ಕರಗಿಹೋಗುತ್ತದೆ ಎನ್ನುತ್ತಾರೆ. ದೇವಸ್ಥಾನಕ್ಕೆ ಹೋಗುವ ರೂಢಿ ಬಿಟ್ಟವರು ಕೂಡ ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ.

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಲೋಕದ ದೊಡ್ಡ ಧರ್ಮಗಳೆಲ್ಲ ಕಾಲಿಗೆ ದೊಡ್ಡ ಜಾಗವನ್ನೇ ಕೊಟ್ಟಿವೆ. ಗರ್ಭಗುಡಿಯ ಸುತ್ತಿನ ಪ್ರದಕ್ಷಿಣೆಯಿಂದ ಕೈಲಾಸ ಪರ್ವತದ ಪರಿಕ್ರಮದವರೆಗೆ ಭಕ್ತಿಯನ್ನು ನಡಿಗೆಯಿಂದಲೇ ಅಳೆದಿದ್ದಾರೆ. ಮೆಕ್ಕಾಗೆ ಹೋದವರು ಸಫಾ ಮತ್ತು ಮರ್ವಾ ಎಂಬ ಎರಡು ದಿಬ್ಬಗಳ ನಡುವೆ ಏಳು ಸಲ ನಡೆಯುತ್ತಾರೆ. ಹಸಿರು ಗುರುತು ಹಾಕಿದ ಭಾಗದಲ್ಲಿ ಗಂಡಸರು ಓಡುತ್ತಾರೆ. ಬಾಯಾರಿದ ಹಸುಗೂಸಿಗಾಗಿ ನೀರು ಹುಡುಕುತ್ತ ಅದೇ ಜಾಗದಲ್ಲಿ ಓಡಿದ ಹಾಜರಾ ಎಂಬ ತಾಯಿಯ ನೆನಪು ಅದು. ಆದ್ದರಿಂದ ಓಟ ಪೂಜೆಯಾಗಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ: ಆಗಬಲ್ಲದು. ಕಷ್ಟದ ಪ್ರಶ್ನೆ ಬೇರೆಯದು. ಭಾನುವಾರದ ಬೆಳಿಗ್ಗೆ ಹಿನ್ನೀರಿನ ದಂಡೆಯ ಮೇಲೆ ಒಬ್ಬರು ಓಡುತ್ತಿದ್ದಾರೆ ಎಂದುಕೊಳ್ಳೋಣ. ಅದು ಯಾವಾಗ ಪೂಜೆ, ಯಾವಾಗ ಬರೀ ಮೋಜು? ಅವರೆದುರಿನ ಚೆಲುವಾದ ನೋಟಕ್ಕೂ ಅದಕ್ಕೂ ಏನು ಸಂಬಂಧ?

ಓಟದಲ್ಲಿ ಸಿಗುವ ಹಿಗ್ಗು ಸುಳ್ಳಲ್ಲ. ಅದಕ್ಕೆ ಎಂಡಾರ್ಫಿನ್ ಕಾರಣ ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಮೆದುಳಿನೊಳಕ್ಕೆ ಸುಲಭವಾಗಿ ದಾಟುವುದಿಲ್ಲ. ಈಚಿನ ಪ್ರಯೋಗಗಳು ದೇಹವೇ ತಯಾರಿಸಿಕೊಳ್ಳುವ ಎಂಡೊಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಕಡೆ ಬೊಟ್ಟು ಮಾಡುತ್ತಿವೆ. ಕಾರಣ ತಿಳಿದ ಮಾತ್ರಕ್ಕೆ ಅನುಭವದ ಬೆಲೆ ಇಳಿಯುವುದಿಲ್ಲ. ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವಗಳ ಕುರಿತ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದ. ಅನುಭವ ಎಲ್ಲಿಂದ ಹುಟ್ಟಿತು ಎಂಬುದರಿಂದ ಅದನ್ನು ಅಳೆಯಬೇಡಿ, ಅದು ಬದುಕಿನಲ್ಲಿ ಯಾವ ಫಲ ಕೊಟ್ಟಿತು ಎಂಬುದರಿಂದ ಅಳೆಯಿರಿ ಎಂಬುದು ಅವನ ನಿಲುವು. ಈ ಅಳತೆಗೋಲು ಓಟಕ್ಕೂ ಸಲ್ಲುತ್ತದೆ. ಹಿಗ್ಗು ಇಳಿದ ಮೇಲೆ ಓಡಿದವರಲ್ಲಿ ಏನು ಉಳಿಯಿತು? ಅವರು ಓಡಿದ ನೆಲಕ್ಕೆ ಅವರಿಂದ ಏನಾಯಿತು?

ಇದನ್ನು ಒರೆಗೆ ಹಚ್ಚಿ ನೋಡಲು ಜಪಾನಿನ ಹಿಯೆ ಬೆಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಕ್ಯೋಟೊ ನಗರದ ಅಂಚಿನಲ್ಲಿರುವ ಈ ಬೆಟ್ಟದ ಎತ್ತರ 848 ಮೀಟರ್. ಒಂದು ಮಗ್ಗುಲಲ್ಲಿ ನಗರ, ಇನ್ನೊಂದು ಮಗ್ಗುಲಲ್ಲಿ ಜಪಾನಿನ ಅತಿ ದೊಡ್ಡ ಸರೋವರ ಬಿವಾ, ನಡುವೆ ದಟ್ಟ ದೇವದಾರು ಕಾಡು. 788ರಲ್ಲಿ ಸೈಚೊ ಎಂಬ ಭಿಕ್ಷು ಇಲ್ಲಿ ಕಟ್ಟಿದ ಎನ್ರ್ಯಾಕು-ಜಿ ಮಠ ತೆಂದೈ ಬೌದ್ಧ ಪಂಥದ ಮೂಲಸ್ಥಾನ. ಒಂಬತ್ತನೆಯ ಶತಮಾನದಲ್ಲಿ ಸೊಓ ಎಂಬ ಭಿಕ್ಷು ಶುರು ಮಾಡಿದನೆನ್ನಲಾಗುವ ‘ಕೈಹೊಗ್ಯೊ’ ಎಂಬ ವ್ರತ ಈ ಬೆಟ್ಟದ ಮೇಲೆ ಇಂದಿಗೂ ನಡೆದುಬಂದಿದೆ. ಏಳು ವರ್ಷಗಳ ಅವಧಿಯಲ್ಲಿ ಹಂಚಿಕೊಂಡು ಸಾವಿರ ದಿನ ಬೆಟ್ಟ ಸುತ್ತುವ ವ್ರತ ಅದು. ಮೊದಲ ಮೂರು ವರ್ಷ ವರ್ಷಕ್ಕೆ ನೂರು ದಿನ, ದಿನಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಆಮೇಲೆ ದಿನಗಳೂ ದೂರವೂ ಏರುತ್ತ ಹೋಗಿ, ಏಳನೆಯ ವರ್ಷ ಕ್ಯೋಟೊ ನಗರವನ್ನೂ ಸೇರಿಸಿಕೊಂಡು ದಿನಕ್ಕೆ 84 ಕಿಲೋಮೀಟರ್‌ವರೆಗೆ ಮುಟ್ಟುತ್ತದೆ. 1885ರಿಂದೀಚೆಗೆ ಇದನ್ನು ಮುಗಿಸಿದವರು ಐವತ್ತರ ಆಸುಪಾಸು. ಸಾಕಾಯಿ ಯೂಸಾಯಿ ಎಂಬ ಭಿಕ್ಷು ಎರಡು ಸಲ ಮುಗಿಸಿದರು. ಎರಡನೆಯ ಸಲ 1987ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ.

ಹೊರಗಿನವರು ಇವರನ್ನು ‘ಮ್ಯಾರಥಾನ್ ಭಿಕ್ಷುಗಳು’ ಎಂದು ಕರೆದರು. ದೂರದ ಲೆಕ್ಕ ನೋಡಿದವರಿಗೆ ಹಾಗೆ ಕಾಣುವುದು ಸಹಜ. ಆದರೆ ನಡುರಾತ್ರಿ ಕಳೆದ ಮೇಲೆ ಹುಲ್ಲಿನ ಚಪ್ಪಲಿ ಮೆಟ್ಟಿ, ಸಾವಿನ ಬಣ್ಣವಾದ ಬಿಳಿ ಬಟ್ಟೆ ತೊಟ್ಟು ಹೊರಡುವ ಆ ಭಿಕ್ಷುವಿನ ದಾರಿಯಲ್ಲಿ ಸುಮಾರು 260 ಕಡೆ ನಿಲ್ಲುವ ಜಾಗಗಳಿವೆ. ಒಂದು ಗುಡಿ, ಒಂದು ಸಮಾಧಿ, ಒಂದು ಬಂಡೆ, ಒಂದು ಹಳೆಯ ಮರ, ಒಂದು ಜಲಪಾತ. ಪ್ರತಿ ಕಡೆಯೂ ನಿಂತು, ಕೈಯಲ್ಲಿ ಮುದ್ರೆ ಹಿಡಿದು, ಆ ಜಾಗಕ್ಕೆ ಸಲ್ಲುವ ಮಂತ್ರ ಹೇಳಿ ಮುಂದೆ ಹೋಗಬೇಕು. ಮೂವತ್ತು ಕಿಲೋಮೀಟರಿಗೆ 260 ಎಂದರೆ ಸರಾಸರಿ ನೂರಹದಿನೈದು ಮೀಟರಿಗೆ ಒಂದು ಸಲ. ಯಾವ ಓಟದ ತರಬೇತುದಾರನೂ ಒಪ್ಪದ ಲಯ ಇದು. ಇದರ ಹಿಂದೆ ಸದ್ಧರ್ಮಪುಂಡರೀಕ ಸೂತ್ರದ ಒಬ್ಬ ಬೋಧಿಸತ್ವನ ಕಥೆಯಿದೆ. ಎದುರಿಗೆ ಬಂದ ಪ್ರತಿಯೊಬ್ಬರಿಗೂ, ಬೈದವರಿಗೂ ಕಲ್ಲೆಸೆದವರಿಗೂ, ನೀವು ಮುಂದೆ ಬುದ್ಧರಾಗುವವರು ಎಂದು ಆತ ತಲೆಬಾಗುತ್ತಿದ್ದ. ಹಿಯೆ ಬೆಟ್ಟದವರು ಆ ನಮಸ್ಕಾರವನ್ನು ಮರಕ್ಕೂ ಕಲ್ಲಿಗೂ ನೀರಿಗೂ ಹಿಗ್ಗಿಸಿದರು.

ಅಲ್ಲಿನ ಒಂದು ವಿವರ ಮನಸ್ಸಿನಿಂದ ಹೋಗುವುದೇ ಇಲ್ಲ. ಇಡೀ ದಾರಿಯಲ್ಲಿ ಭಿಕ್ಷು ಕೂರುವುದಕ್ಕೆ ಅಪ್ಪಣೆಯಿರುವುದು ಒಂದೇ ಕಡೆ, ಒಂದು ದೊಡ್ಡ ದೇವದಾರು ಮರದ ಹತ್ತಿರದ ಕಲ್ಲಿನ ಪೀಠದ ಮೇಲೆ. ಅಲ್ಲಿಂದ ಕೆಳಗೆ ಕ್ಯೋಟೊ ಕಾಣುತ್ತದೆ. ಇವತ್ತಿನ ಓಟಗಾರ ಫೋನ್ ತೆಗೆಯುವ ಜಾಗ ಅದು. ಭಿಕ್ಷು ಅಲ್ಲಿ ಕೂತು, ಕೆಳಗಿನ ಊರಿಗೂ ನಾಡಿಗೂ ಒಳಿತಾಗಲಿ ಎಂದು ಪ್ರಾರ್ಥಿಸಿ ಏಳುತ್ತಾನೆ. ದಾರಿಯ ಅತ್ಯಂತ ಚೆಲುವಾದ ನೋಟ ಅವನಿಗೆ ಇತರರನ್ನು ನೆನೆಯುವ ಹೊತ್ತು. ಏಳುನೂರನೆಯ ದಿನ ಮುಗಿದ ಮೇಲೆ ಒಂಬತ್ತು ದಿನ ಅನ್ನ, ನೀರು, ನಿದ್ದೆ, ಮಲಗುವುದು ನಾಲ್ಕನ್ನೂ ಬಿಟ್ಟು ಗುಡಿಯೊಳಗೆ ಕೂರುವ ವ್ರತವೂ ಇದೆ. ಆಗ ಅವನು ಹೊರಬರುವುದು ರಾತ್ರಿ ಒಂದು ಸಲ ಮಾತ್ರ, ಬಾವಿಯಿಂದ ನೀರು ತಂದು ದೇವರಿಗೆ ಅರ್ಪಿಸಲು. ಆ ನೀರಿನ ಹನಿಯೂ ಅವನ ಬಾಯಿಗೆ ಹೋಗುವಂತಿಲ್ಲ.

ಇಂಥ ಕಠೋರತೆ ಎಲ್ಲರೂ ಮೆಚ್ಚುವಂಥದ್ದಲ್ಲ, ಮೆಚ್ಚಬೇಕಾಗಿಯೂ ಇಲ್ಲ. ಬುದ್ಧ ಸ್ವತಃ ಆರು ವರ್ಷ ದೇಹವನ್ನು ದಂಡಿಸಿ, ಅದರಿಂದ ಪ್ರಯೋಜನವಿಲ್ಲವೆಂದು ಬಿಟ್ಟೆದ್ದವನು. ಭಗವದ್ಗೀತೆಯ ಆರನೆಯ ಅಧ್ಯಾಯ ಹಿತಮಿತವಾದ ಆಹಾರ, ವಿಹಾರ, ನಿದ್ದೆಗಳನ್ನು ಯೋಗದ ಷರತ್ತಾಗಿ ಇಡುತ್ತದೆ. ಹದಿನೇಳನೆಯ ಅಧ್ಯಾಯ ಹಟಕ್ಕೆ ಬಿದ್ದು ತನ್ನನ್ನೇ ಹಿಂಸಿಸಿಕೊಳ್ಳುವ ತಪಸ್ಸನ್ನು ತಾಮಸವೆಂದು ಬದಿಗಿಡುತ್ತದೆ. ತೋರಿಕೆಗಾಗಿ, ಮನ್ನಣೆಗಾಗಿ ಮಾಡಿದ ತಪಸ್ಸು ರಾಜಸ. ನೂರು ಕಿಲೋಮೀಟರ್ ಓಡಿ ಕಾಲಿನ ಉಗುರು ಕಳೆದುಕೊಂಡು ಅದರ ಚಿತ್ರವನ್ನು ಎಲ್ಲರಿಗೂ ತೋರಿಸುವ ಅಭ್ಯಾಸ ಇಂದಿನ ಓಟದ ಲೋಕದಲ್ಲಿ ಸಾಮಾನ್ಯವಾಗಿದೆ. ಗೀತೆಯ ಆ ವಿಂಗಡಣೆಯನ್ನು ಓಟಗಾರರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನೋವು ಉಂಟಾಯಿತೆಂಬ ಒಂದೇ ಕಾರಣಕ್ಕೆ ಯಾವ ಕೆಲಸವೂ ತಪಸ್ಸಾಗುವುದಿಲ್ಲ.

ಹಟದ ಓಟ ಎಲ್ಲಿಗೆ ಮುಟ್ಟಬಹುದೆಂದು 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ಕಂಡಿತು. ಹಳದಿ ನದಿಯ ದಂಡೆಯ ಕಲ್ಲುಕಾಡು ತನ್ನ ವಿಚಿತ್ರ ಬಂಡೆಗಳಿಂದ ಹೆಸರಾದ ಜಾಗ. ಅಲ್ಲಿ ನೂರು ಕಿಲೋಮೀಟರ್ ಬೆಟ್ಟದ ಓಟಕ್ಕೆ ಹೊರಟ 172 ಜನರಲ್ಲಿ 21 ಮಂದಿ ಸತ್ತರು. ಹಠಾತ್ತನೆ ಬಂದ ಆಲಿಕಲ್ಲು ಮಳೆ, ಗಾಳಿ, ಕೊರೆಯುವ ಚಳಿ ಅವರನ್ನು ಮೈಮೇಲೆ ತೆಳು ಬಟ್ಟೆಯಿದ್ದಂತೆಯೇ ಹಿಡಿದುಬಿಟ್ಟವು. ಸತ್ತವರಲ್ಲಿ ದೇಶದ ಹೆಸರಾಂತ ಓಟಗಾರರೇ ಇದ್ದರು. ಉಳಿದವರಲ್ಲಿ ಆರು ಜನರನ್ನು ಕಾಪಾಡಿದ್ದು ಮಳೆಗೆ ಗುಹೆ ಸೇರಿದ್ದ ಒಬ್ಬ ಕುರಿಗಾಹಿ. ಅವನು ಅವರನ್ನು ಒಳಗೆ ಕರೆತಂದು ಬೆಂಕಿ ಹಾಕಿ ಮೈ ಬೆಚ್ಚಗೆ ಮಾಡಿದ. ಮೋಡ ಕಂಡಾಗ ಕುರಿ ಬಿಟ್ಟು ಗುಹೆ ಸೇರಬೇಕೆಂದು ಅವನಿಗೆ ಗೊತ್ತಿತ್ತು. ಆ ಬೆಟ್ಟ ಅವನ ಬದುಕು. ಓಡಲು ಬಂದವರಿಗೆ ಅದು ಒಂದು ದಿನದ ಮೈದಾನ.

ಅರುಣಾಚಲದ ದಾರಿ ಇದಕ್ಕೆ ತೀರ ಬೇರೆ. ತಿರುವಣ್ಣಾಮಲೈಯ ಬೆಟ್ಟದ ಸುತ್ತ ಗಿರಿಪ್ರದಕ್ಷಿಣೆಯ ಹಾದಿ ಸುಮಾರು 14 ಕಿಲೋಮೀಟರ್. ಒಳ್ಳೆಯ ಓಟಗಾರನಿಗೆ ಒಂದು ಗಂಟೆ ಚಿಲ್ಲರೆ ಸಾಕು. 1896ರಲ್ಲಿ ಅಲ್ಲಿಗೆ ಬಂದು ಕೊನೆಯವರೆಗೂ ಅಲ್ಲೇ ಉಳಿದ ರಮಣ ಮಹರ್ಷಿಗಳು ಈ ಪ್ರದಕ್ಷಿಣೆಯನ್ನು ಬಹಳ ಮನ್ನಿಸುತ್ತಿದ್ದರು. ಅದಕ್ಕೆ ಅವರು ಹೇಳುತ್ತಿದ್ದ ವೇಗ ತುಂಬು ಬಸುರಿಯಾದ ರಾಣಿಯ ನಡಿಗೆಯದು. ಅಕ್ಕಪಕ್ಕದ ಸದ್ದು ಕೇಳಬೇಕು, ಉಸಿರು ಏರಬಾರದು, ನೆನೆಯುವುದಕ್ಕೆ ಬಿಡುವಿರಬೇಕು. ಅವರ ಕಾಲದಲ್ಲಿ ಆಶ್ರಮದವರ ಒಂದೊಂದು ಪ್ರದಕ್ಷಿಣೆಗೆ ಅಲ್ಲಲ್ಲಿ ಕೂತು, ಮಾತಾಡಿ, ಉಂಡು ಮುಂದೆ ಹೋಗುತ್ತ ಬಹಳ ಹೊತ್ತು ಹಿಡಿಯುತ್ತಿತ್ತು.

ಹಿಯೆಯ ಭಿಕ್ಷುವಿನದು ಬಿರುಸು ನಡಿಗೆ, ರಮಣರದು ನಿಧಾನ. ಎರಡರಲ್ಲೂ ದಾರಿಯ ಮೇಲೆ ನಿಲ್ಲುವ ಜಾಗಗಳಿವೆ ಎಂಬುದನ್ನು ಗಮನಿಸಬೇಕು. ಕುವೆಂಪು ತುಂಗೆಯ ಮೇಲೆ ಸಾಲಾಗಿ ಹಾರಿದ ಬೆಳ್ಳಕ್ಕಿಗಳಲ್ಲಿ ದೇವರ ರುಜು ಕಂಡಿದ್ದು ಕನ್ನಡಿಗರೆಲ್ಲರಿಗೂ ಗೊತ್ತು. ಆ ಕವಿತೆ ನೋಡುತ್ತ ನಿಂತವರಿಗೆ ಮಾತ್ರ ಹುಟ್ಟುವಂಥದ್ದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದಕ್ಕೆ ಬಲವೂ ಇದೆ. ಒಳಗಿನ ಶಾಂತಿಯೇ ಗುರಿಯಾದರೆ ಬೆಟ್ಟ, ಕಾಡು, ನೀರು ಯಾಕೆ ಬೇಕು? ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ 1997ರಿಂದ ಒಂದು ಓಟ ನಡೆಯುತ್ತಿದೆ. ದೂರ 3,100 ಮೈಲಿ, ಅಂದರೆ ಐದು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ. ದಾರಿ ಮಾತ್ರ ಒಂದು ಶಾಲೆ ಮತ್ತು ಆಟದ ಮೈದಾನ ಇರುವ ಬ್ಲಾಕಿನ ಸುತ್ತಲಿನ ಕಾಂಕ್ರೀಟ್ ಫುಟ್‌ಪಾತ್. ಒಂದು ಸುತ್ತು 900 ಮೀಟರೂ ಇಲ್ಲ. ಅದನ್ನೇ 5,649 ಸಲ ಸುತ್ತಬೇಕು. ಬೆಳಿಗ್ಗೆ ಆರರಿಂದ ನಡುರಾತ್ರಿಯವರೆಗೆ ಓಡಬಹುದು, ಮುಗಿಸಲು 52 ದಿನ. ಪ್ರತಿದಿನ ಸುತ್ತುವ ದಿಕ್ಕು ಬದಲಾಗುತ್ತದೆ, ಅಷ್ಟೇ ವೈವಿಧ್ಯ. ಇದನ್ನು ಶುರು ಮಾಡಿದವರು ಇಂದಿನ ಬಾಂಗ್ಲಾದೇಶದ ಚಿತ್ತಗಾಂಗ್ ಸೀಮೆಯಲ್ಲಿ ಹುಟ್ಟಿ, ಪುದುಚೇರಿಯ ಅರವಿಂದಾಶ್ರಮದಲ್ಲಿ ಬೆಳೆದು, 1964ರಲ್ಲಿ ಅಮೆರಿಕಕ್ಕೆ ಹೋದ ಶ್ರೀ ಚಿನ್ಮೊಯ್. ನೋಟ ಇಲ್ಲದಿರುವುದೇ ಅಲ್ಲಿಯ ಸಾಧನೆ. ಕಣ್ಣಿಗೆ ಹೊಸದೇನೂ ಸಿಗದಿದ್ದಾಗ ಮನಸ್ಸು ತನ್ನ ಕಡೆಗೇ ತಿರುಗುತ್ತದೆ ಎಂಬುದು ಅವರ ನಂಬಿಕೆ.

ಕ್ವೀನ್ಸ್‌ನ ಈ ಉದಾಹರಣೆ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತದೆ. ಧ್ಯಾನವಷ್ಟೇ ಬೇಕಾದವರಿಗೆ ಮನೆಯ ಹಿಂದಿನ ಓಣಿಯೇ ಸಾಲುತ್ತದೆ. ಹಾಗಿದ್ದೂ ಬೆಟ್ಟವನ್ನು, ಕಾಡನ್ನು, ಜಲಾಶಯದ ದಂಡೆಯನ್ನು ಆರಿಸಿಕೊಂಡವರು ತಮ್ಮ ಉಸಿರಿನ ಜೊತೆಗೆ ಇನ್ನೊಂದನ್ನೂ ಆರಿಸಿಕೊಂಡಿದ್ದಾರೆ. ಅವರು ಬೇರೆಯವರ ಮನೆಯೊಳಕ್ಕೆ ಕಾಲಿಟ್ಟಿದ್ದಾರೆ. ಅಲ್ಲಿ ಅವರಿಗಿಂತ ಮೊದಲೇ ಬಂದವರಿದ್ದಾರೆ, ಕೆಲವರು ಕಣ್ಣಿಗೆ ಕಾಣದಂತೆ ಇದ್ದಾರೆ, ಇನ್ನು ಕೆಲವರು ಅಲ್ಲಿಂದ ಎದ್ದು ಹೋಗಬೇಕಾಗಿ ಬಂದವರು.

ಮೊದಲು ಕಾಣದಂತೆ ಇರುವವರ ವಿಚಾರ. ಜೈನ ಮುನಿಗಳು ವರ್ಷವಿಡೀ ಬರಿಗಾಲಲ್ಲಿ ವಿಹಾರ ಮಾಡುತ್ತಾರೆ. ಶ್ರವಣಬೆಳಗೊಳದ ದಾರಿಯಲ್ಲಿ ಅವರನ್ನು ಕಾಣದ ಕನ್ನಡಿಗರು ಕಡಿಮೆ. ಆದರೆ ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸ್ಯದಲ್ಲಿ, ಅವರು ಒಂದೇ ಊರಿನಲ್ಲಿ ನೆಲೆ ನಿಲ್ಲುತ್ತಾರೆ. ಆಗ ನೆಲದ ತುಂಬ ಹುಳು, ಹುಪ್ಪಟೆ, ಮೊಳಕೆ. ಹೆಜ್ಜೆ ಇಟ್ಟಲ್ಲಿ ಜೀವ. ಬೌದ್ಧ ಭಿಕ್ಷುಗಳ ವರ್ಷಾವಾಸವೂ ಇದೇ ಕಾಳಜಿಯಿಂದ ಬಂದದ್ದು. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಅಲೆದಾಡುವವರಿಗೆ ಅಲೆದಾಟ ನಿಲ್ಲಿಸುವ ಋತು ಒಂದಿರಬೇಕೆಂದು ಗೊತ್ತಿತ್ತು.

ಮಲೆನಾಡಿನ ಮಳೆಗಾಲದ ಕಾಡನ್ನು ಹತ್ತಿರದಿಂದ ನೋಡಿದವರಿಗೆ ಈ ನಿಯಮದ ಅರ್ಥ ಕೂಡಲೇ ಹೊಳೆಯುತ್ತದೆ. ಇಂಬಳದ ಕಾಟ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾವ್ 1937ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದರು. ಅದರ ಗುಂಪಿಗೆ ಕುಣಿಯುವ ಕಪ್ಪೆಗಳೆಂದು ಹೆಸರು. ಹರಿವ ಹಳ್ಳದ ಸದ್ದಿನಲ್ಲಿ ಕೂಗು ಕೇಳಿಸದಾಗ ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕೂತು ಹಿಂಗಾಲನ್ನು ಚಾಚಿ, ಬೆರಳು ಬಿಚ್ಚಿ, ಬಾವುಟದಂತೆ ಬೀಸುತ್ತದೆ. ಹೆಣ್ಣನ್ನು ಕರೆಯುವ ರೀತಿ ಅದು, ಇನ್ನೊಂದು ಗಂಡನ್ನು ದೂರವಿಡುವ ರೀತಿಯೂ ಹೌದು. ಇಡೀ ಕಪ್ಪೆ ಹೆಬ್ಬೆರಳಿನ ಗಾತ್ರಕ್ಕಿಂತ ಹೆಚ್ಚಿಲ್ಲ. ಆ ಹಳ್ಳವನ್ನು ನೂರಾರು ಜೊತೆ ಬೂಟುಗಳು ಬೆಳಗಿನಿಂದ ಸಂಜೆಯವರೆಗೆ ದಾಟಿದರೆ ಕಲ್ಲು ಮಗುಚುತ್ತದೆ, ದಂಡೆ ಕುಸಿಯುತ್ತದೆ, ನೀರು ಕದಡುತ್ತದೆ. ಓಡಿದವರಿಗೆ ತಾವು ಏನನ್ನು ತುಳಿದೆವೆಂದು ತಿಳಿಯುವುದೂ ಇಲ್ಲ. ಹಸಿರು ಉಕ್ಕುವ ಮಳೆಗಾಲವೇ ಓಡಲು ಚೆಂದ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇದೇ ಸೀಮೆಯ ಜನಕ್ಕೆ ಈ ವಿವೇಕ ಹೊಸದೇನೂ ಅಲ್ಲ. ಚಿಕ್ಕಮಗಳೂರಿನ ಮಲ್ಲೇನಹಳ್ಳಿಯ ಬಳಿ ಬಿಂಡಿಗ ದೇವಿರಮ್ಮನ ಬೆಟ್ಟವಿದೆ. ದೀಪಾವಳಿಯ ನರಕ ಚತುರ್ದಶಿಗೆ ಸಾವಿರಾರು ಜನ, ಮುದುಕರು, ಮಕ್ಕಳು, ಹರಕೆ ಹೊತ್ತ ಹೆಂಗಸರು, ಬೆಳಕು ಹರಿಯುವ ಮೊದಲೇ ಬರಿಗಾಲಲ್ಲಿ ಆ ಕಡಿದಾದ ಬೆಟ್ಟ ಏರುತ್ತಾರೆ. ಇಬ್ಬನಿಗೆ ಜಾರುವ ಹುಲ್ಲು, ಕೈಗೆ ಆಸರೆಯಿಲ್ಲದ ಏರು. ಮುಂದಿದ್ದವರು ಹಿಂದಿನವರ ಕೈ ಹಿಡಿದು ಎಳೆಯುತ್ತಾರೆ. ಮೇಲೆ ದೀಪಕ್ಕೆ ಬೇಕಾದ ತುಪ್ಪ, ಬಟ್ಟೆ, ಸೌದೆಯನ್ನು ಹೊತ್ತೊಯ್ಯುತ್ತಾರೆ. ದೇಹಕ್ಕೆ ಅದು ಯಾವ ಬೆಟ್ಟದ ಓಟಕ್ಕೂ ಕಡಿಮೆಯಿಲ್ಲದ ಶ್ರಮ. ವರ್ಷದಲ್ಲಿ ಆ ಹಬ್ಬದ ಹೊತ್ತು ಬಿಟ್ಟರೆ ಬೆಟ್ಟ ತನ್ನ ಪಾಡಿಗೆ ತಾನಿರುತ್ತದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಸುಮ್ಮನೆ ಒಳಹೋಗುವಂತೆಯೂ ಇಲ್ಲ. ಪವಿತ್ರವಾದ ಜಾಗಕ್ಕೆ ಮನುಷ್ಯ ಸದಾ ಹೋಗಕೂಡದು ಎಂಬ ತಿಳಿವಳಿಕೆ ಎರಡರಲ್ಲೂ ಇದೆ. ಇಂದಿನ ಓಟದ ನಕ್ಷೆಗಳಲ್ಲಿ ಇಲ್ಲದಿರುವುದು ಇದೇ. ಚೆಲುವಾದ ದಾರಿ ಕಂಡರೆ ಅದು ವರ್ಷದ ಅಷ್ಟೂ ದಿನ ತಮಗೆ ತೆರೆದಿದೆ ಎಂದೇ ಅವು ಭಾವಿಸುತ್ತವೆ.

ಇನ್ನು ಎದ್ದು ಹೋದವರು. ನೀರಿನ ವಿಚಾರ ಬಂದಾಗ ಇವರನ್ನು ಬಿಟ್ಟು ಮಾತಾಡುವುದು ಅನ್ಯಾಯ.

ಜಲಾಶಯ ಸರೋವರವಲ್ಲ. ಅದರ ದಂಡೆ ಮನುಷ್ಯ ಗೆರೆ ಎಳೆದು ಗುರುತು ಮಾಡಿದ ದಂಡೆ. ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕೆ ಆ ಗೆರೆ ಸಮುದ್ರಮಟ್ಟದಿಂದ 1,819 ಅಡಿ. ಆ ಗೆರೆಯ ಕೆಳಗೆ ಇದ್ದ ಗದ್ದೆ, ಅಡಿಕೆ ತೋಟ, ಮನೆ, ಭೂತದ ಕಲ್ಲು, ನಾಗಬನ, ಬಸದಿ ಎಲ್ಲವೂ ಹೋದವು. ಶರಾವತಿಗೆ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ, ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೇ ಮುಳುಗಿತು. ಈಗಲೂ ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಅದರ ಗೋಡೆ, ಸೈಫನ್‌ಗಳು ಕೆಸರಿನಿಂದ ಎದ್ದು ನಿಲ್ಲುತ್ತವೆ. ಜನ ನೋಡಲು ಹೋಗುತ್ತಾರೆ. ಆಮೇಲೆ ಹೊಸನಗರ ಸೀಮೆಯಲ್ಲಿ ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಒಂದೊಂದಾಗಿ ಬಂದವು. ಶರಾವತಿಯ ನೀರಿನಿಂದ ನಾಡಿಗೆ ಸಾವಿರ ಮೆಗಾವಾಟ್‌ಗೂ ಮೀರಿದ ಸಾಮರ್ಥ್ಯದ ವಿದ್ಯುದಾಗಾರ ಬಂತು. ನೀರಿನಾಚೆ ಉಳಿದ ಕರೂರು, ಬಾರಂಗಿ ಹೋಬಳಿಗಳ ಜನ ದಶಕಗಳ ಕಾಲ ಲಾಂಚಿಗೆ ಕಾದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಮುಳುಗಡೆಯಾದವರಿಗೆ ಸರ್ಕಾರ ತೋರಿಸಿದ ಕಾಡುಭೂಮಿಯ ಹಕ್ಕುಪತ್ರದ ವ್ಯಾಜ್ಯ ಇನ್ನೂ ಮುಗಿದಿಲ್ಲ. ನಾ. ಡಿಸೋಜ ಅವರು ಈ ನೋವನ್ನೇ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು.

ಮೈಸೂರಿನ ಓಟಗಾರರೂ ಸೈಕಲ್ ಸವಾರರೂ ಇಷ್ಟಪಡುವ ಕೆ.ಆರ್.ಎಸ್. ಹಿನ್ನೀರಿನ ದಾರಿಯಲ್ಲೂ ಇದೇ ಕಥೆ. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು, ಅದರೊಂದಿಗೆ ವೇಣುಗೋಪಾಲಸ್ವಾಮಿ ದೇವಸ್ಥಾನವೂ. ಎಷ್ಟೋ ದಶಕಗಳ ನಂತರ ಆ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಂಡೆಯಲ್ಲಿ ದೇವಸ್ಥಾನವನ್ನು ಮತ್ತೆ ಎಬ್ಬಿಸಿದರು. ಹಾಸನದ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರು ಮಳೆಗಾಲದಲ್ಲಿ ಹಳೆಯ ಇಗರ್ಜಿಯೊಂದರ ಗೋಡೆಗಳನ್ನು ಅರ್ಧ ನುಂಗುತ್ತದೆ. ಅಲ್ಲಿ ಕ್ಯಾಮೆರಾ ಹಿಡಿದು ಬರುವವರಲ್ಲಿ ಇದರ ಸುತ್ತ ಒಂದು ಊರಿತ್ತು ಎಂದು ನೆನೆಯುವವರು ಬಹಳ ಇರಲಾರರು. ದೇವರ ಕಲ್ಲನ್ನು ಎತ್ತಿ ದಂಡೆಗೆ ತರಬಹುದು. ಊರನ್ನು ಹಾಗೆ ಎತ್ತಿ ತರಲು ಬರುವುದಿಲ್ಲ.

ಭದ್ರಾ ಸೀಮೆಯಲ್ಲಿ ಎರಡು ಬಗೆಯಲ್ಲಿ ಜನ ಎದ್ದು ಹೋಗಿದ್ದಾರೆ. ಮೊದಲು ಅಣೆಕಟ್ಟಿಗಾಗಿ. ಆಮೇಲೆ ಕಾಡಿಗಾಗಿ: 1998ರಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾದ ನಂತರ, 2002ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಹೋದವು. ಜನರ ಒಪ್ಪಿಗೆ ಪಡೆದು, ನೀರಾವರಿ ಜಮೀನು ಕೊಟ್ಟು ನಡೆಸಿದ ಈ ಸ್ಥಳಾಂತರವನ್ನು ದೇಶದ ಉತ್ತಮ ಉದಾಹರಣೆಗಳಲ್ಲಿ ಒಂದೆಂದು ಹೇಳುತ್ತಾರೆ. ಅದು ಸರಿ ಇರಬಹುದು. ಹುಲಿಗಾಗಿ ತಲೆಮಾರುಗಳ ಮನೆ ಬಿಟ್ಟುಕೊಟ್ಟವರ ಕಾಡಿನ ಅಂಚಿನಲ್ಲಿ ಬೆಳಗಿನ ಹೊತ್ತು ಖುಷಿಗಾಗಿ ಓಡುವವರ ಮೇಲೆ ಆ ತ್ಯಾಗದ ಭಾರ ಸ್ವಲ್ಪವಾದರೂ ಬೀಳಲೇಬೇಕು.

ಹಾಗಾದರೆ ಇಲ್ಲಿ ಓಡಲೇಬಾರದೇ ಎಂದು ಕೇಳಿದರೆ ಉತ್ತರ ಖಂಡಿತವಾಗಿ ಓಡಬಹುದು ಎಂಬುದೇ. ಬೆಟ್ಟವನ್ನು ಕಾಲಿನಿಂದ ಬಲ್ಲವರು ಕಾರಿನ ಕಿಟಕಿಯಿಂದ ನೋಡುವವರಿಗಿಂತ ಅದಕ್ಕೆ ಹತ್ತಿರದವರು. ಮುಳ್ಳಯ್ಯನಗಿರಿಗೆ ಶನಿವಾರ, ಭಾನುವಾರ ಸಾಲುಗಟ್ಟಿ ನಿಲ್ಲುವ ವಾಹನಗಳ ಮುಂದೆ ನೂರು ಜೊತೆ ಕಾಲುಗಳ ಹಾನಿ ಏನೂ ಅಲ್ಲ. ಓಟಗಾರರ ಭಾವ ಸುಳ್ಳಲ್ಲ, ಅದು ಅರ್ಧಕ್ಕೇ ನಿಂತಿದೆ. ಬೆಟ್ಟವನ್ನು ಗುಡಿ ಎಂದವರು ಗುಡಿಯ ನಿಯಮಗಳನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಗುಡಿಗೆ ಬಾಗಿಲು ಹಾಕುವ ಹೊತ್ತಿದೆ, ಒಳಗೆ ಹೋಗಬಾರದ ಜಾಗವಿದೆ, ನಿಂತು ಕೈ ಮುಗಿಯಬೇಕಾದ ಕಡೆಗಳಿವೆ. ಹಿಯೆಯ ಭಿಕ್ಷುವಿನ ದಾರಿಯನ್ನು ವ್ರತವನ್ನಾಗಿಸಿದ್ದು ಆ ಮೂವತ್ತು ಕಿಲೋಮೀಟರ್ ಅಲ್ಲ, 260 ನಿಲುಗಡೆಗಳು. ವಿಲಿಯಂ ಜೇಮ್ಸ್‌ನ ಅಳತೆಯಲ್ಲಿ ನೋಡಿದರೂ ಓಟದ ಫಲ ಹಳ್ಳದ ಕಪ್ಪೆಗೂ ಮುಳುಗಡೆಯ ಮನೆಯವರಿಗೂ ತಟ್ಟುವಂತಿದ್ದರೆ ಮಾತ್ರ ಅದನ್ನು ಧರ್ಮದ ಲೆಕ್ಕಕ್ಕೆ ಹಿಡಿಯಬಹುದು.

ಸ್ಪರ್ಧೆ ನಡೆಸುವವರಿಗೆ ಇದು ಕಷ್ಟದ ಕೆಲಸವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡು ಮತ್ತು ಹಳ್ಳದ ದಾರಿಗಳನ್ನು ಬಿಟ್ಟುಬಿಡಿ. ಕತ್ತಲಲ್ಲಿ ಕಾಡಿನಂಚಿಗೆ ಯಾರನ್ನೂ ಕಳಿಸಬೇಡಿ. ಟರ್ನ್‌ಗಳು ಮೊಟ್ಟೆ ಇಟ್ಟಿರುವ ತಿಂಗಳುಗಳಲ್ಲಿ ಧ್ವನಿವರ್ಧಕವನ್ನೂ ಡ್ರೋನನ್ನೂ ಜಲಾಶಯದ ಕಡೆ ತರಬೇಡಿ. ಹಿನ್ನೀರಿನ ದಂಡೆಯಲ್ಲಿ ಓಟಗಾರರಿಗೆ ನೀರು, ಬಾಳೆಹಣ್ಣು, ಉಪ್ಪು ಕೊಡುವ ಟೇಬಲ್‌ಗಳನ್ನು ಹೇಗೂ ಹಾಕುತ್ತೀರಿ. ಪ್ರತಿ ಟೇಬಲ್‌ನ ಪಕ್ಕ ಒಂದು ಹಲಗೆ ನಿಲ್ಲಿಸಿ, ಎದುರಿನ ನೀರಿನ ಕೆಳಗೆ ಇದ್ದ ಊರಿನ ಹೆಸರನ್ನು ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿ. ಆ ಊರಿನಿಂದ ಎದ್ದು ಹೋದ ಹಿರಿಯರು ಸುತ್ತಮುತ್ತ ಇನ್ನೂ ಇದ್ದಾರೆ. ಹೆಸರುಗಳನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ, ಓಟದ ದಿನ ಅವರನ್ನೇ ಕರೆದು ಆ ಟೇಬಲ್‌ನ ಬಳಿ ಕೂರಿಸಿ. ಅವರಿಗೆಲ್ಲ ಈಗ ವಯಸ್ಸಾಗಿದೆ. ಕೇಳುವುದನ್ನು ಮುಂದಿನ ಓಟದ ತನಕ ತಡಮಾಡಬೇಡಿ.